ಕೋಮಲಳ ಸಾಲು

ಹಿಂಗಾರಿ ಜೋಳ ಬಿತ್ತಿ, ಹೊಲದಲ್ಲಿ ಎಲೆ ಮೂಡುತ್ತಿದ್ದ ಕಾಲ. ಮುಂಜಾನೆಯ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುತ್ತಿದ್ದ ಹೊತ್ತಿಗೆ ಇಂಡಿ ಪಟ್ಟಣದ ಕಡೆಯಿಂದ ಒಂದು ಟೆಂಪೋ ಬಂದು ನಮ್ಮೂರ ಹೈಸ್ಕೂಲಿನ ಮುಂದೆ ನಿಂತಿತು. ಎರಡು ಸಾವಿರದ ಏಳನೆಯ ಇಸವಿ. ರಗ್ಗಿನಲ್ಲಿ ಸುತ್ತಿದ ಕಂಪ್ಯೂಟರುಗಳನ್ನು ಕೂಸಿನಂತೆ ಎತ್ತಿ ಇಳಿಸಿದರು.

ನಾನು ಬೇವಿನ ಗಿಡದ ಕೆಳಗೆ ಕುಳಿತಿದ್ದೆ. ದಿನಾ ಅಲ್ಲೇ ಕೂಡುತ್ತಿದ್ದೆ. ನನ್ನ ಮೊಮ್ಮಗಳು ಕೋಮಲಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅಗರಖೇಡ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಿಂದಿನಿಂದ ಬಂದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಅವಳನ್ನು ಸಾಲಿಗೆ ತಂದು ಬಿಡುವುದು, ಸಂಜೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು. ನಾನು ಎರಡನೇ ಇಯತ್ತೆಯಲ್ಲೇ ಸಾಲಿ ಬಿಟ್ಟವನು. ಮುದುಕನಾದ ಮೇಲೆ ದಿನಾ ಹೈಸ್ಕೂಲಿಗೆ ಹೋದೆ ಎಂದು ಓಣಿಯವರು ನಗುತ್ತಿದ್ದರು.

ಕೋಮಲ ಹುಟ್ಟಿನಿಂದ ಕಿವುಡಿಯಲ್ಲ. ಎಂಟನೇ ವಯಸ್ಸಿನಲ್ಲಿ ಜ್ವರ ಬಂತು. ಜ್ವರ ಹೋಯಿತು, ಅದರ ಬೆನ್ನು ಹತ್ತಿ ಕಿವಿಯೂ ಹೋಯಿತು. ಮಾತು ಉಳಿಯಿತಾದರೂ ನುಡಿ ದಪ್ಪಗಾಗಿ, ಮನೆಯವರಿಗಷ್ಟೇ ತಿಳಿಯುವಂತಾಯಿತು. ಎದುರಿಗೆ ನಿಂತು ಬಾಯಿ ತೋರಿಸಿ ಹೇಳಿದರೆ ಹಿಡಿಯುತ್ತಿದ್ದಳು. ಆದರೆ ಮಾಸ್ತರರು ಹಲಗೆಯ ಕಡೆ ತಿರುಗಿ ಹೇಳಿದ ಪಾಠವೆಲ್ಲ ಅವಳ ಪಾಲಿಗೆ ಬರೀ ಬೆನ್ನು. ಹೀಗೇ ತಳ್ಳುತ್ತ ತಳ್ಳುತ್ತ ಹತ್ತನೇ ಇಯತ್ತೆಗೆ ತಂದು ಕೂರಿಸಿದ್ದರು.

ಟೆಂಪೋದ ಜೊತೆ ಬಂದವರು ವಿಜಯಲಕ್ಷ್ಮಿ ಅಕ್ಕೋರು, ಮನಗೂಳಿಯವರು. ಪಾಠ ಕಲಿಸಲು ಯಾವುದೋ ಸಂಸ್ಥೆ ಅವರನ್ನು ಕಳಿಸಿತ್ತು. ಫೋನಿನ ತಂತಿಯ ಮೇಲೆ ಪಾಠ ಬರುತ್ತದೆ, ಮಕ್ಕಳೆಲ್ಲ ಒಂದೇ ನಮೂನೆ ಇರುವುದಿಲ್ಲವಾದ್ದರಿಂದ ಒಬ್ಬೊಬ್ಬರಿಗೆ ಅವರವರ ಪಾಠವೇ ಬರುತ್ತದೆ ಎಂದು ಅಕ್ಕೋರು ಹೇಳಿದರು. ಒಂದು ದಿನ ನನ್ನನ್ನೂ ಕರೆದರು.

"ಮುತ್ಯಾ, ಒಳಗ ಬರ್ರಿ. ನಿಮ್ಮ ಮೊಮ್ಮಗಳ ಪಾಠ ನೋಡ್ರಿ."

ಚಪ್ಪಲಿ ಹೊರಗೆ ಬಿಟ್ಟು ಹೋದೆ. ಪರದೆಯ ಮೇಲೆ ಚಿತ್ರ, ಚಿತ್ರದ ಕೆಳಗೆ ಅಕ್ಷರ. ಬಾಯಿಂದ ಹೇಳಿದ್ದೆಲ್ಲ ಅಕ್ಷರದಲ್ಲೂ ಇತ್ತು. ಆಮೇಲೆ ಪ್ರಶ್ನೆ. ಸರಿಯಾದದ್ದು ಒತ್ತಿದರೆ ಹಸಿರು ಗೆರೆ ಮುಂದಕ್ಕೆ ಸರಿಯುತ್ತಿತ್ತು. ತಪ್ಪಿದರೆ ಅದೇ ಪಾಠ ಇನ್ನೂ ಸುಲಭವಾಗಿ ಮತ್ತೆ ಬರುತ್ತಿತ್ತು.

"ಎಷ್ಟ್ ಸಲ ತಪ್ಪಿದ್ರೂ ಹೇಳತೈತೇನ್ರಿ?"

"ಹೇಳತೈತ್ರಿ. ಅದಕ್ಕ ಬ್ಯಾಸರಕಿ ಇಲ್ಲ."

"ಹಂಗಾರ ನಮ್ಮ ಮನ್ಯಾಕಿಗಿಂತ ಛಲೋ ಐತಿ ಬಿಡ್ರಿ."

ಅಕ್ಕೋರು ನಕ್ಕರು. ಕೋಮಲ ನಗಲಿಲ್ಲ, ಅವಳ ಕಣ್ಣು ಪರದೆ ಬಿಟ್ಟು ಕದಲಿರಲಿಲ್ಲ. ಅವಳಿಗೆ ಎಲ್ಲಿ ಕಡಿದುಹೋಗಿತ್ತೋ ಅಲ್ಲಿಂದ, ಆರನೇ ಇಯತ್ತೆಯ ಲೆಕ್ಕದಿಂದ ಅದು ಶುರು ಮಾಡಿತ್ತು. ಆ ಸಂಜೆ ಊಟಕ್ಕೆ ಕುಳಿತಾಗ ಅವಳು ರೊಟ್ಟಿ ಮುರಿದು ನನ್ನ ಹೆಂಡತಿ ಶೆಟ್ಟೆವ್ವನ ಮುಂದಿಟ್ಟಳು. "ಆಯಿ, ಇದು ಕಾಲು. ಇಂಥಾವು ಎರಡು ಕೂಡಿದ್ರ ಅರ್ಧ."

"ಅರ್ಧ ಆಗ್ಲಿ, ಪೂರಾ ಆಗ್ಲಿ, ಮೊದಲ ತಿನ್ನು," ಎಂದಳು ಶೆಟ್ಟೆವ್ವ. ಹಾಗೆನ್ನುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದೀಪಾವಳಿಗೆ ನನ್ನ ಮಗ, ಕೋಮಲಳ ಅಪ್ಪ ಪರಶು ಸೋಲಾಪುರದಿಂದ ಬಂದ. ಗಂಡಹೆಂಡತಿ ಅಲ್ಲಿ ಮನೆ ಕಟ್ಟುವ ಗೌಂಡಿ ಕೆಲಸದಲ್ಲಿದ್ದರು.

"ಅಪ್ಪಾ, ಹದಿನಾರು ತುಂಬ್ಯಾವ ಅಕಿಗಿ. ಬೆಂಚ್ ಕಾಯ್ಕೋತ ಕುಂದ್ರೂದು ಸಾಕು. ಅಲ್ಲಿ ಚಾದರದ ಕಾರಖಾನ್ಯಾಗ ಅಂಚು ಹೊಲಿಯಾಕ ತಗೋತಾರ. ಕಿವಿ ಬೇಕಾಗಿಲ್ಲ, ಕೈ ಇದ್ರ ಸಾಕು," ಎಂದ.

ಶೆಟ್ಟೆವ್ವ ಬಿಡುತ್ತಾಳೆಯೇ? "ನಿನಗ ಎರಡೂ ಕಿವಿ ನೆಟ್ಟಗಿದ್ದುವಲ್ಲೋ. ನಾಕನೇ ಇಯತ್ತೆದಾಗ ಮೂರ್ ವರ್ಷ ಬೆಂಚ್ ಕಾಯ್ದಾಂವ ಯಾರು?"

ಪರಶು ತಲೆ ಕೆರೆದುಕೊಂಡು ನಕ್ಕ. "ಆತಬೇ ಯವ್ವಾ. ಹತ್ತನೇದು ಪಾಸಾಗ್ಲಿ, ಇಂಡ್ಯಾಗ ಕಾಲೇಜಿಗಿ ಹಚ್ತೇನಿ. ಆಗ್ಲಿಲ್ಲಂದ್ರ ನನ್ನ ಜೋಡಿ ಬರಬೇಕು. ಮತ್ತ ಮಾತಿಲ್ಲ."

ಕೋಮಲ ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. "ಆಗ್ತೇನಿ," ಎಂದಳು.

ನಮ್ಮ ಕಡೆ ಒಂದು ಪದ್ಧತಿಯಿದೆ. ಜೋಳದ ಹೊಲದಲ್ಲಿ ಹೆಣ್ಣುಮಕ್ಕಳು ಕಸ ತೆಗೆಯಲು ಇಳಿದಾಗ ಒಬ್ಬೊಬ್ಬರು ಒಂದೊಂದು ಸಾಲು ಹಿಡಿಯುತ್ತಾರೆ. ಮೊದಲು ಮುಗಿಸಿದವಳು ಬದುವಿಗೆ ಹೋಗಿ ಕೂಡುವಂತಿಲ್ಲ. ಹಿಂದೆ ಉಳಿದವಳ ಸಾಲನ್ನು ಆ ತುದಿಯಿಂದ ಹಿಡಿದು, ಕಸ ಕೀಳುತ್ತ ಎದುರಿಗೆ ಬರಬೇಕು. ನಡುವೆ ಎಲ್ಲೋ ಇಬ್ಬರ ಕುರ್ಪಿಗಳೂ ಕೂಡುತ್ತವೆ, ಆಗ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಯಾಕೆ ಹಿಂದುಳಿದೆ ಎಂದು ಯಾರೂ ಕೇಳುವುದಿಲ್ಲ. ಸೂಟಿಯ ದಿನ ಹೊಲಕ್ಕೆ ಹೋಗುವ ಸಾಲಿಯ ಹುಡುಗಿಯರಿಗೂ ಅದು ಕೈಗೆ ಕೂತ ರೂಢಿ.

ಕೋಮಲಳ ವರ್ಗದಲ್ಲಿ ಸುನಂದಾ ಎಂಬ ಚುರುಕಿನ ಹುಡುಗಿಯಿದ್ದಳು, ಹೊಲಮನೆಯುಳ್ಳವರ ಮಗಳು. ತನ್ನ ಪಾಠ ಬೇಗ ಮುಗಿಸಿ ಕೋಮಲಳ ಕುರ್ಚಿಗೆ ಬರತೊಡಗಿದಳು.

"ಏ ಕೋಮ್ಲಿ, ಸರಿಯಲೇ ಆಚಿ. ಇನ್ನೂ ಇಷ್ಟ್ ಉಳಿಸ್ಕೊಂಡು ಕುಂತೀಯಲ್ಲ, ಸಂಕ್ರಮಣ ಇಲ್ಲೇ ಮಾಡಾಕೀಯೇನು?"

ಅರ್ಧ ಕುರ್ಚಿಯಲ್ಲಿ ಕುಳಿತು ಉಳಿದ ಪ್ರಶ್ನೆಗಳನ್ನೆಲ್ಲ ಪಟಪಟ ಒತ್ತುತ್ತಿದ್ದಳು. ಹಸಿರು ಗೆರೆ ಓಡುತ್ತಿತ್ತು. ಉಳಿದ ಹುಡುಗಿಯರೂ ಸುತ್ತ ನೆರೆಯುತ್ತಿದ್ದರು. ಅಕ್ಕೋರು ಆಗ ಬೇರೆ ಮಕ್ಕಳ ಹತ್ತಿರ ಇರುತ್ತಿದ್ದರು. ನನಗೆ ಗಿಡದ ಕೆಳಗಿನಿಂದ ಕಿಟಕಿಯಲ್ಲಿ ಆ ತಲೆಗಳೆಲ್ಲ ಒಂದಾಗಿರುವುದು ಕಾಣುತ್ತಿತ್ತು. ಅಷ್ಟು ವರ್ಷ ಕೋಮಲಳ ಬೆಂಚಿನಲ್ಲಿ ಅವಳ ಚೀಲ ಬಿಟ್ಟರೆ ಇನ್ನೊಬ್ಬರು ಕುಳಿತದ್ದಿಲ್ಲ. ಈಗ ನಮ್ಮ ಮನೆಯ ರೊಟ್ಟಿ ಸುನಂದಾಳ ಕೈಯಲ್ಲಿ, ಅವರ ಮನೆಯ ಶೇಂಗಾ ಹಿಂಡಿ ಚಟ್ನಿ ಕೋಮಲಳ ಕೈಯಲ್ಲಿ.

ಸಂಕ್ರಮಣ ಮುಗಿದ ಮೇಲೆ ಸಂಸ್ಥೆಯ ಸಾಹೇಬರು ಬಂದರು, ಬಸಂತರಾಯ ಎಂದು ಹೆಸರು. ಖುಷಿಯಲ್ಲಿದ್ದರು. ಪಡಸಾಲೆಯಲ್ಲಿ ನಿಂತೇ ಹೇಳಿದರು: "ಟೀಚರ್, ಭಾಳ ಛಲೋ ಕೆಲಸ ಆಗೇತ್ರಿ. ಆ ಕಿವಿ ಕೇಳದ ಹುಡುಗಿ ಸೈತ ಹತ್ತನೇ ಇಯತ್ತೆ ಲೆಕ್ಕಕ್ಕ ಬಂದು ಮುಟ್ಟ್ಯಾಳ. ಇಲ್ಲಿ ಕೆಲಸ ಮುಗೀತು. ಮುದ್ದೇಬಿಹಾಳ ಕಡೆ ಮಕ್ಕಳು ಕಾಯಾಕತ್ತಾರ. ಮಷೀನೂ ನೀವೂ ಇನ್ನ ಅಲ್ಲಿಗೆ."

ಅಕ್ಕೋರು ಹೆಮ್ಮೆಯಿಂದಲೇ ಕೋಮಲಳನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದರು. ನಾನು ಬಾಗಿಲಲ್ಲಿದ್ದೆ. ಪ್ರಶ್ನೆ ಬಂತು. ಕೋಮಲಳ ಬೆರಳು ಮೇಲೆಯೇ ನಿಂತಿತು, ಆಮೇಲೆ ಇಳಿಯಿತು. ತಪ್ಪು. ಇನ್ನೊಂದು, ಅದೂ ತಪ್ಪು. ಅವಳು ತಿರುಗಿ ಬಾಗಿಲ ಕಡೆ ನೋಡಿದಳು. ನೋಡಿದ್ದೇ ತಡ, ಸುನಂದಾ ನನ್ನ ಪಕ್ಕದಿಂದ ನುಸುಳಿ ಹೋಗಿ, ಸಾಹೇಬರ ಎದುರಿಗೇ ಸರಿಯುತ್ತರ ಒತ್ತಿಬಿಟ್ಟಳು.



"ಇದೇನವಾ?" ಎಂದರು ಸಾಹೇಬರು.

"ಅಕಿ ಹಿಂದ ಉಳದಾಳ್ರಿ ಸರ್. ಬಿಟ್ಟು ನಾವು ಹ್ಯಾಂಗ ಏಳೂದ್ರಿ?"

ಅಕ್ಕೋರ ಮುಖ ಬಿಳಿಚಿತು. ಮಕ್ಕಳನ್ನು ಹೊರಗೆ ಕಳಿಸಿದರು. ನಾನು ಹೋಗಲಿಲ್ಲ, ನನ್ನನ್ನು ಯಾರೂ ಹೋಗೆನ್ನಲೂ ಇಲ್ಲ.

"ಸರ್, ಇಕಿದೊಂದು ಪಾಠ ಹಿಂದಕ್ಕ ತರ್ರಿ. ಪರೀಕ್ಷೆ ತನಕ ಒಂದ ಮಷೀನ್ ಬಿಡ್ರಿ ಸಾಕು. ಇಕಿ ಕಲಿಯಾಕತ್ತಿದ್ಳ್ರಿ. ಖರೇನ ಕಲಿಯಾಕತ್ತಿದ್ಳು."

ಸಾಹೇಬರು ಕೆಟ್ಟವರಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಮ್ಯಾಲಿನವ್ರು ನೋಡೂದು ಆ ಹಸಿರು ಗೆರಿ ಅಷ್ಟ್ರೀ. ಇದು ಸುಳ್ಳು ಅಂತ ನಾ ತಿಳಿಸಿದ್ರ ಎಲ್ಲಾ ಸಾಲೀದೂ ಸುಳ್ಳು ಅಂತಾರ. ಸಿಂದಗಿ ಕಡೇವೂ ಬಂದ್ ಆಗ್ತಾವು. ಅಲ್ಲೂ ಇಂಥಾ ಹುಡುಗ್ಯಾರ ಅದಾರ."

ಅಕ್ಕೋರು ಹೋಗಿ ಕೋಮಲಳ ಕಂಪ್ಯೂಟರು ಆರಿಸಿದರು.

ಸಂಜೆ ದಾರಿಯಲ್ಲಿ ಕೋಮಲಳನ್ನು ನಿಲ್ಲಿಸಿ, ಅವಳ ಎದುರಿಗೆ ಬಂದು ಕೇಳಿದೆ: "ಬ್ಯಾಡ, ನಾನ ಮಾಡ್ತೇನಿ ಅನ್ನಬೇಕಾಗಿತ್ತಲ್ಲ ತಂಗಿ?"

ಅವಳು ನೆಲ ನೋಡುತ್ತ ಹೇಳಿದಳು: "ಬ್ಯಾಡ ಅಂದ್ರ ಅವರು ಎದ್ದು ಹೋಗ್ತಿದ್ರು ಮುತ್ಯಾ."

ಟೆಂಪೋ ಮತ್ತೆ ಬಂತು, ಕಂಪ್ಯೂಟರುಗಳು ಹೋದವು. ಅಕ್ಕೋರು ಹೋಗುವ ದಿನ ಕೋಮಲಳ ಎರಡೂ ಕೈ ಹಿಡಿದು ಏನೋ ಹೇಳಿದರು. ಅವರ ತುಟಿ ನಡುಗುತ್ತಿದ್ದುದರಿಂದ ಅವಳಿಗೆ ತಿಳಿಯಲಿಲ್ಲವಂತೆ. ಆಮೇಲೆ ಸುನಂದಾ ನಮ್ಮ ಓಣಿಗೇ ಬರತೊಡಗಿದಳು. ಅವರ ಮನೆಯಲ್ಲಿ ಬೈದರೂ ಬಂದಳು. ಎದುರಿಗೆ ಕುಳಿತು ಬಾಯಿ ತೆರೆದು ತೆರೆದು ಹೇಳುತ್ತಿದ್ದಳು. ಅವಳಿಗೆ ಲೆಕ್ಕ ಬರುತ್ತಿತ್ತು, ಕಲಿಸಲು ಬರುತ್ತಿರಲಿಲ್ಲ. ಕಡೆಗೆ ಇಬ್ಬರೂ ಅಳುತ್ತ ಏಳುತ್ತಿದ್ದರು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಕನ್ನಡ, ಸಮಾಜ ಪಾಸು. ಗಣಿತ, ವಿಜ್ಞಾನ, ಇಂಗ್ಲಿಷು ಹೋಗಿದ್ದವು. ಪರಶು ಬಂದ. ಈ ಸಲ ಅವನೂ ನಗಲಿಲ್ಲ, ಶೆಟ್ಟೆವ್ವನೂ ಅವನನ್ನು ಹಂಗಿಸಲಿಲ್ಲ.

"ಜೂನ್‌ದಾಗ ಮತ್ತ ಪರೀಕ್ಷಾಕ ಕೂಡಬಹುದಂತೋ," ಎಂದಳು ಶೆಟ್ಟೆವ್ವ, ಮೆಲ್ಲಗೆ.

ಪರಶು ಮಗಳ ಮುಖ ನೋಡಿದ. "ಕೂಡ್ತಿ ಏನವಾ?"

ಕೋಮಲ ಆಗಲೇ ಬಟ್ಟೆ ಮಡಚುತ್ತಿದ್ದಳು. "ಯಾರು ತೋರಸ್ತಾರ?" ಎಂದಳು.

ರೋಹಿಣಿ ಮಳೆ ಹೂಡುವುದಕ್ಕೆ ಮುಂಚಿನ ಬುಧವಾರ, ಮುಂಜಾನೆಯ ಸೋಲಾಪುರ ಬಸ್ಸಿಗೆ, ಕೋಮಲ ಅಪ್ಪನ ಜೊತೆ ಹೋದಳು.