ಬಾಯಲ್ಲಿ ಮೊಳೆ ಇರಲಿಲ್ಲ

ನಮ್ಮದು ಸೋಫಾ ರಿಪೇರಿ ಅಂಗಡಿ. ನನ್ನ ಗಂಡ ಹಳೇ ಬಟ್ಟೆ ಕಿತ್ತು ಸ್ಪ್ರಿಂಗು, ಸ್ಪಂಜು ಸರಿ ಮಾಡುತ್ತಾರೆ, ನಾನು ಹೊಸ ಕವರು ಹೊಲಿಯುತ್ತೇನೆ, ಮೈದುನ ಗಿರಾಕಿಗಳ ಹತ್ತಿರ ಬಾಯಿ ಬಡಿದುಕೊಳ್ಳುತ್ತಾನೆ. ನನ್ನ ಗಂಡ ಕೆಲಸಕ್ಕೆ ಕೂತರೆ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ತುಟಿಯಿಂದ ಒಂದೊಂದೇ ತೆಗೆದು ಹೊಡೆಯುತ್ತಾರೆ. ಹಾಗಾಗಿ ಅವರು ಏನು ಹೇಳಿದರೂ ಗೊಣಗಿದಂತೆಯೇ. ಅರ್ಥ ಮಾಡಿಕೊಳ್ಳುವುದು ನಮ್ಮ ಹಣೆಬರಹ. ಕಣ್ಣೂ ಸದಾ ಅರ್ಧ ಮುಚ್ಚಿದ್ದೇ. ಓಣಿಯವರು ಕರೆಯುವುದೇ 'ತೂಕಡಿಕೆ' ಎಂದು.

ಆ ಬೆಳಿಗ್ಗೆ, ಯಾರದೋ ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸೋಫಾದೊಳಗೆ ಕೈ ಹಾಕಿದವರು "ಸ್" ಎಂದು ಎಳೆದುಕೊಂಡರು. ಬೆರಳಲ್ಲಿ ಚುಕ್ಕೆಯಷ್ಟು ಗಾಯ. ರಕ್ತವೂ ಇಲ್ಲ, ಉರಿಯೂ ಇಲ್ಲ. "ತಂತಿ" ಎಂದರು. ನಮ್ಮ ಕಸುಬಿನಲ್ಲಿ ತಂತಿ ಚುಚ್ಚದ ದಿನವಿದೆಯೇ? ನಾನು ಮೆಷಿನ್ನಿನಿಂದ ತಲೆ ಕೂಡ ಎತ್ತಲಿಲ್ಲ.

ಊಟದ ಹೊತ್ತಿಗೆ ಮೈದುನ ಆ ಸೋಫಾವನ್ನು ಬೋರಲು ಹಾಕಿದ. ಒಳಗಿನಿಂದ ಕಪ್ಪು ಪಟ್ಟಿಯೊಂದು ಜಾರಿ ಬಿತ್ತಂತೆ. ಸೀಟಿನ ಕೆಳಗೆ ಬಿಗಿಯುವ ನಮ್ಮ ರಬ್ಬರ್ ಪಟ್ಟಿಯೂ ಹಾಗೇ, ಕಪ್ಪಗೆ, ಬಿಳಿ ಗೆರೆಯದು. ಎತ್ತಲು ಬಗ್ಗಿದವನು ಕಿರುಚಿಕೊಂಡ.

"ಅತ್ತಿಗೆ, ಹಾವು! ಚರಂಡಿಗೆ ಹೋಯ್ತು!"

"ಪಟ್ಟಿ ನೋಡಿ ಹೆದರಿದ್ಯೇನೋ?"

"ಪಟ್ಟಿ ಎಲ್ಲಾದ್ರೂ ತಾನಾಗೇ ಹರ್ಕೊಂಡು ಹೋಗುತ್ತಾ?"

ನಾನು ನೋಡುವಷ್ಟರಲ್ಲಿ ಏನೂ ಇರಲಿಲ್ಲ. ನಂಬಬೇಕೋ ಬಿಡಬೇಕೋ ತಿಳಿಯದೆ ಇವರನ್ನೇ ಕೇಳಿದೆ. "ರೀ, ಬೆಳಿಗ್ಗೆ ಚುಚ್ಚಿದ್ದು ತಂತಿನೇ ತಾನೇ?"

ಏನೋ ಗೊಣಗಿದರು.

"ಮೊಳೆ ಉಗಿದು ಮಾತಾಡ್ರೀ!" ಎಂದು ರೇಗಿ ಅಂಗೈ ಒಡ್ಡಿದೆ. ಅವರು ಬಾಯಿ ತೆರೆದರು. ಒಂದೂ ಮೊಳೆ ಇರಲಿಲ್ಲ. ನಾಲಿಗೆಯೇ ತೊದಲುತ್ತಿತ್ತು. ಆಟೋ ತರಲು ಮೈದುನನನ್ನು ಓಡಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಊತವಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುತ್ತಿಲ್ಲ.

"ಕೆಲವು ಹಾವು ಕಚ್ಚಿದ್ರೆ ನೋವೇ ಆಗಲ್ಲ, ಆಮೇಲೆ ಉಸಿರೇ ನಿಲ್ಲುತ್ತೆ. ಹಾಗಂತ ಔಷಧಿ ಸುಮ್ಸುಮ್ನೆ ಕೊಡೋ ಹಾಗಿಲ್ಲ, ಅದೂ ಕೆಲವರ ಮೈಗೆ ಆಗಲ್ಲ. ಇವ್ರ ರೆಪ್ಪೆ ಯಾವಾಗ್ಲೂ ಹೀಗೇ ಇಳಿದಿರುತ್ತಾ?"

"ಹೂಂ, ಅಣ್ಣನ ಕಣ್ಣೂ ಹೀಗೇ, ಮಾತೂ ಹೀಗೇ," ಎಂದ ಮೈದುನ.

"ಇಷ್ಟು ಇರ್ಲಿಲ್ಲ," ಎಂದೆ ನಾನು. ಮರುಕ್ಷಣವೇ, "ಇತ್ತೇನೋ," ಎಂದೆ.

ಇಷ್ಟು ವರ್ಷ ಸಂಸಾರ ಮಾಡಿ, ಗಂಡನ ಕಣ್ಣು ಎಷ್ಟು ತೆರೆದಿರುತ್ತದೆಂದು ನನಗೆ ಹೇಳಲಾಗಲಿಲ್ಲ. ನಾಚಿಕೆಯಾಯಿತು, ಅಳು ಬಂತು. ಅಳುತ್ತಲೇ ಒಂದು ಹೊಳೆಯಿತು.

"ನಾನು ಬೈದ್ರೆ ಮಾತ್ರ ಕಣ್ಣು ಪೂರ್ತಿ ಬಿಡ್ತಾರೆ, ಡಾಕ್ಟ್ರೇ."

"ಹಾಗಾದ್ರೆ ಬೈಯ್ರಿ."

ಇಡೀ ವಾರ್ಡು ತಿರುಗಿ ನೋಡುವಂತೆ ಬೈದೆ. ಸೋಮಾರಿ ಎಂದೆ, ಮೂಗಬಸವ ಎಂದೆ, ನಿನ್ನನ್ನು ಕಟ್ಟಿಕೊಂಡು ಏನು ಸುಖ ಕಂಡೆ ಎಂದೆ. ಅವರು ಕಷ್ಟಪಟ್ಟು ಹುಬ್ಬೇರಿಸಿದರು. ಹಣೆಯೆಲ್ಲ ನೆರಿಗೆಯಾಯಿತು. ರೆಪ್ಪೆ ಮಾತ್ರ ಏಳಲಿಲ್ಲ.

ಡಾಕ್ಟರಮ್ಮ ನರ್ಸನ್ನು ಕೂಗಿದರು. ಔಷಧಿಯ ಡ್ರಿಪ್ ಹಾಕಿದರು, ಉಸಿರಾಟದ ಯಂತ್ರ ತಂದು ಪಕ್ಕದಲ್ಲಿಟ್ಟರು.

"ಸಾಕಮ್ಮ, ವಿಷಾನೇ ಅಂತ ಗೊತ್ತಾಯ್ತು. ಇನ್ನು ನಿಲ್ಸಿ."

ನಾನು ದನಿ ತಗ್ಗಿಸಿದೆ, ನಿಲ್ಲಿಸಲಿಲ್ಲ. ಒಂದೊಂದು ಬೈಗುಳಕ್ಕೂ ಅವರ ಬೆರಳು ನನ್ನ ಬೆರಳನ್ನು ಮೆಲ್ಲಗೆ ಒತ್ತುತ್ತಿತ್ತು.