ಕೇತಮ್ಮನ ಸ್ವಾಮಿ

ಕೆಂಪ ಹಾರೆಯನ್ನು ಮೂರನೆಯ ಸಲ ನೆಲಕ್ಕೆ ಹಾಕುವಷ್ಟರಲ್ಲಿ ಹಿಂದಿನಿಂದ ಊರ ಯಜಮಾನ ಮಾದಯ್ಯನ ಕೂಗು ಕೇಳಿಸಿತು.

“ಯಾಕ್ಲಾ ಕೆಂಪ, ಯಾರ ಕೇಳಿ ಇಲ್ಲಿ ಗುಣಿ ತೋಡ್ತಾ ಇದ್ದೀಯೆ?”

ಕೆಂಪ ನಿಲ್ಲಿಸಲಿಲ್ಲ. ಅರವತ್ತೆಂಟರ ಮೈ, ತೋಳು ಆಗಲೇ ಸೋತಿತ್ತು. ತಾಳಮಲೆ ಕಾಡಂಚಿನ ಆ ಪೋಡಿನಲ್ಲಿ ಇದ್ದದ್ದು ಮೂವತ್ತೇಳು ಮನೆ. ಸತ್ತವರಿಗೆಲ್ಲ ಹಳ್ಳದ ಈಚೆಯ ಇದೊಂದೇ ಜಾಗ. ತಂಗಿ ಕೇತಮ್ಮ ನಿನ್ನೆ ಮಧ್ಯಾಹ್ನ ತೀರಿಕೊಂಡಿದ್ದಳು. ಅವಳ ಗುಡಿಸಲು ಹಳ್ಳದ ಆಚೆ. ಮೂವತ್ತಾರು ವರ್ಷ ಅವಳು ಆಚೆಯೇ ಬದುಕಿದ್ದಳು.

“ಅವ್ವನ ಪಕ್ಕದಲ್ಲಿ ಮಡಗ್ತೀನಿ,” ಎಂದ ಕೆಂಪ.

“ನಾನೇನು ಬ್ಯಾಡ ಅಂದ್ನಾ? ಸತ್ತೋಳ ಮ್ಯಾಲೆ ನಂಗ್ಯಾತರ ಮುನಿಸು. ಆದ್ರೆ ಅವಳನ್ನ ಆಚೆ ಮಡಗಿದ್ದು ಸ್ವಾಮಿ. ಈಚೆ ಕರ್ಕಳಾದೂ ಸ್ವಾಮಿನೇ ಏಳ್ಬೇಕು. ಪೂಜೆ ಮಾಡೋ ತಮ್ಮಡಿ ನೀನು, ನಿಂಗೆ ನಾನು ಏಳ್ಕೊಡ್ಬೇಕಾ? ಕೇಳು. ‘ಆಗ್ಲಿ’ ಅಂತ ಒಂದು ಮಾತು ಬರ್ಲಿ, ನಾವೇ ತೋಡ್ತೀವಿ.”

ಅವನ ಹಿಂದೆ ನಿಂತವರು ಹೌದೆಂಬಂತೆ ನೋಡಿದರು. ಐದು ವರ್ಷದಿಂದ ಕೆಂಪನ ಮೈಮೇಲೆ ಸ್ವಾಮಿ ಬಂದಿರಲಿಲ್ಲ. ವಯಸ್ಸಾಯಿತು, ಮೈ ತಡೆಯುವುದಿಲ್ಲ ಎಂದು ಜನ ತಮಗೆ ತಾವೇ ಹೇಳಿಕೊಂಡಿದ್ದರು.

* * *

ಕೇತಮ್ಮ ಹಳ್ಳದ ಆಚೆ ಹೋದ ವರ್ಷ ಕೆಂಪನಿಗೆ ಮೂವತ್ತೆರಡು. ಕೇತಮ್ಮನ ಮಕ್ಕಳು ಒಂದರ ಹಿಂದೊಂದು ಹೋದವು. ಮೊದಲು ಕೈಕಾಲು ನೋವೆಂದು ಅಳುತ್ತಿದ್ದವು, ಕಣ್ಣು ಹಳದಿಯಾಗುತ್ತಿತ್ತು, ಆಮೇಲೆ ಜ್ವರ. ಮೂರನೆಯದನ್ನು ಹೂತ ದಿನ ಜನ ಗುಡಿಯ ಮುಂದೆ ಸೇರಿ, ಇದು ಯಾಕೆ ಎಂದು ಕೇಳಿದರು.

ಕೆಂಪನ ಮೈ ನಡುಗಿತು. ಅದು ಸುಳ್ಳು ನಡುಕವಲ್ಲ. ಬಾಯಿಂದ ಮಾತು ಬಂತು: ಬಸುರಿಯಾಗಿದ್ದಾಗ ದೇವರ ಕಾಡಿನಲ್ಲಿ ಸೌದೆ ಮುರಿದಳು, ಅದಕ್ಕೇ ಈ ಮುನಿಸು, ಅವಳು ಈಚೆ ಇದ್ದರೆ ಪೋಡಿನ ಮಿಕ್ಕ ಮಕ್ಕಳೂ ಉಳಿಯವು.

ಎಚ್ಚರವಾದಾಗ ತಂಗಿ ಕೈಗೂಸು ಭಾನುಪ್ರಿಯಾಳನ್ನು ಎತ್ತಿಕೊಂಡು ಹಳ್ಳ ದಾಟುತ್ತಿದ್ದಳು. ಗಂಡ ಅವಳ ಜೊತೆ ಹೋಗಲಿಲ್ಲ.

* * *

ಐದು ವರ್ಷದ ಹಿಂದೆ ತಾಳಮಲೆಯ ಶಾಲೆಯಲ್ಲಿ ರಕ್ತ ನೋಡುವ ಕ್ಯಾಂಪು ನಡೆಯಿತು. ಪರಿಮಳ ಎಂಬ ನರ್ಸಮ್ಮ ಕೆಂಪನ ಕೈಗೆ ಒಂದು ಹಳದಿ ಕಾರ್ಡು ಕೊಟ್ಟು, ಬಿಳಿ ಹಾಳೆಯ ಮೇಲೆ ಎರಡು ಚಿತ್ರ ಬರೆದು ತೋರಿಸಿದಳು.

“ರಕ್ತದ ಕಣ ಹಿಂಗೆ ದುಂಡಗಿರಬೇಕು ತಾತ. ನಿಮ್ಮ ಜನರಲ್ಲಿ ಕೆಲವರಿಗೆ ಕುಡುಗೋಲಿನ ತರ ಬಾಗಿರುತ್ತೆ. ಬಾಗಿದ್ದು ನರದಲ್ಲಿ ಸಿಕ್ಕೊಂಡ್ರೆ ನೋವು, ಜ್ವರ. ಅಪ್ಪ ಅವ್ವ ಇಬ್ಬರಿಂದಲೂ ಬಂದ್ರೆ ಮಗು ಉಳಿಯೋದು ಕಷ್ಟ. ಒಬ್ಬರಿಂದ ಬಂದ್ರೆ ಏನೂ ಗೊತ್ತಾಗಲ್ಲ. ನಿಮಗೆ ಹಂಗೆ ಇರೋದು. ನಿಮ್ಮ ತಂಗಿಗೂ ಹಂಗೇ.”

“ಯಾರು ಮಾಡಿದ ತಪ್ಪಿಗೆ ಇದು?”

“ತಪ್ಪೇನು ಬಂತು ತಾತ? ಕಣ್ಣಿನ ಬಣ್ಣ ಬರಲ್ವಾ, ಹಂಗೆ.”

ಒಂದು ತಿಂಗಳು ಕೆಂಪ ಕಾರ್ಡನ್ನು ಟೊಂಕದಲ್ಲಿಟ್ಟುಕೊಂಡು ಓಡಾಡಿದ. ಆಮೇಲೆ ಹಳ್ಳಕ್ಕೆ ಹೋದ. ಕೇತಮ್ಮ ನೀರು ತುಂಬುತ್ತಿದ್ದಳು. ಅವಳ ಹತ್ತಿರವೂ ಅಂಥದೇ ಕಾರ್ಡು ಇತ್ತು.

“ಅಂಗಾರೆ ಸ್ವಾಮಿ ನನ್ನ ಮ್ಯಾಲೆ ಮುನಿಸ್ಕಂಡೇ ಇರ್ನಿಲ್ವಾ ಅಣ್ಣ?”

“ಇಲ್ಲ ಕನವ್ವ.”

“ಅಂಗಾರೆ ಆವತ್ತು ನಿನ್ನ ಬಾಯಲ್ಲಿ ಮಾತಾಡಿದ್ದು ಯಾರು?”

ಕೇತಮ್ಮ ತುಂಬಿದ ಕೊಡವನ್ನು ಎತ್ತಿ ದಡದ ಮೇಲಿಟ್ಟಳು. ತನ್ನನ್ನು ಬಯ್ಯುತ್ತಾಳೆಂದು ಕೆಂಪ ಕಾದ. ಅವಳು ಬಯ್ಯಲಿಲ್ಲ.

“ಪಾಪ,” ಎಂದಳು, “ಇಷ್ಟು ವರ್ಷ ಸುಮ್ಕೆ ಸ್ವಾಮಿನ ಬಯ್ಕಂಡು ಬಂದ್ನಲ್ಲ.”

ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹೊರಟುಹೋದಳು. ಅಂದಿನಿಂದ ಕೆಂಪ ಗುಡಿಯಲ್ಲಿ ನೀರು ಹಾಕುತ್ತಿದ್ದ, ಹೂ ಇಡುತ್ತಿದ್ದ. ಕಣ್ಣು ಮುಚ್ಚಿದರೆ ಒಳಗೆ ಯಾರೂ ಇರುತ್ತಿರಲಿಲ್ಲ. ಮುನಿಯದವನು, ಶಿಕ್ಷಿಸದವನು, ಕೇಳಿದ್ದಕ್ಕೆ ಉತ್ತರ ಕೊಡದವನು ಹಾಗಾದರೆ ಏನು ಮಾಡುತ್ತಾನೆ? ಕೇಳಲು ಕೆಂಪನಿಗೆ ಯಾರೂ ಇರಲಿಲ್ಲ. ಎಲ್ಲರೂ ಅವನನ್ನೇ ಕೇಳುವವರು.

* * *

“ಕೇಳ್ಲಾ ಕೆಂಪ, ಬಿಸಿಲೇರ್ತಾ ಅದೆ,” ಎಂದ ಮಾದಯ್ಯ.

ಸುಲಭದ ದಾರಿಯೊಂದಿತ್ತು. ಕಣ್ಣು ಮುಚ್ಚಿ ಮೈ ಅಲುಗಿಸಿ ‘ಕ್ಷಮಿಸಿದ್ದೀನಿ’ ಎಂದರೆ ಮುಗಿಯಿತು. ಹತ್ತು ಜನ ಹಾರೆ ಹಿಡಿಯುತ್ತಿದ್ದರು, ಪೋಡೆಲ್ಲ ಅಳುತ್ತಿತ್ತು. ಕೆಂಪ ಕಣ್ಣನ್ನೂ ಮುಚ್ಚಿದ. ಆದರೆ ಕ್ಷಮಿಸಲು ಅವಳು ಮಾಡಿದ್ದೇನು?

ಭಾನುಪ್ರಿಯಾ ಹತ್ತಿರ ಬಂದಳು. ತಿಗನಾರೆಗೆ ಮದುವೆಯಾಗಿ ಹೋದವಳು. ಗಂಡನೊಂದಿಗೆ ನಿನ್ನೆ ಬಂದಿದ್ದಳು. “ಮಾವ,” ಎಂದಳು ಮೆಲ್ಲಗೆ, “ನಮ್ಮವ್ವನ್ನ ಸುಳ್ಳೇಳಿ ಮಣ್ಣು ಮಾಡ್ಬ್ಯಾಡ. ಬೇಕಾದ್ರೆ ಆಚೆನೇ ಮಡಗ್ತೀನಿ.”

ಕೆಂಪ ಕಣ್ಣು ತೆರೆದು ಮಾದಯ್ಯನ ಕಡೆ ತಿರುಗಿದ.

“ಆವತ್ತು ಮಾತಾಡಿದ್ದು ಸ್ವಾಮಿ ಅಲ್ಲ ಕಣಣ್ಣ. ನಾನು. ಮಕ್ಕಳು ಸತ್ತದ್ದು ರಕ್ತದ ಕಾಯ್ಲೆಯಿಂದ. ನನ್ನೊಳಗೂ ಅದು ಅದೆ. ಯಾಕೆ ಅಂತ ನೀವು ಕೇಳಿದ್ರಿ. ಗೊತ್ತಿಲ್ಲ ಅನ್ನಕೆ ಎದ್ರಿಕೆ ಆಯ್ತು. ಆ ಎದ್ರಿಕೆನೇ ಮಾತಾಡ್ತು.”

ಮಾದಯ್ಯ ಒಂದು ಹೆಜ್ಜೆ ಮುಂದೆ ಬಂದ.

“ನನ್ನ ಮಗಳು ಜ್ವರ ಬಂದು ಮಲಗಿದ್ದಾಗ ಉಳೀತಾಳೆ ಅಂದ್ಯಲ್ಲಾ. ಉಳಿದ್ಲು. ಅದು?”

“ಅದೂ ನಾನೇ ಇರ್ಬೇಕು ಕಣಣ್ಣ.”

ಒಂದು ಏಟು ಕೊಟ್ಟಿದ್ದರೂ ಕೆಂಪ ತಡೆದುಕೊಳ್ಳುತ್ತಿದ್ದ. ಮಾದಯ್ಯ ಏನನ್ನೋ ಕಳೆದುಕೊಂಡವನ ಹಾಗೆ ನಿಂತ. “ನಾಳೆಯಿಂದ ಗುಡಿ ತಾವ್ಕೆ ನೀನು ಬರ್ಬ್ಯಾಡ,” ಎಂದು ತಿರುಗಿದ. ಒಬ್ಬೊಬ್ಬರಾಗಿ ಮಿಕ್ಕವರೂ ಹೋದರು. ತಡೆಯುವವರೂ ಉಳಿಯಲಿಲ್ಲ, ಕೈ ಜೋಡಿಸುವವರೂ ಉಳಿಯಲಿಲ್ಲ.

ಭಾನುಪ್ರಿಯಾ ಸೆರಗು ಕಟ್ಟಿ ಗುದ್ದಲಿ ಎತ್ತಿಕೊಂಡಳು. ಅವಳ ಗಂಡ ಮಣ್ಣು ಎಳೆದು ಹಾಕಿದ. ಮೂವರೇ ಕೇತಮ್ಮನನ್ನು ಹಳ್ಳ ದಾಟಿಸಿದರು. ಅವಳು ಎಷ್ಟು ಹಗುರವಾಗಿದ್ದಳೆಂದರೆ ನೀರಿನಲ್ಲಿ ಕಾಲಿಡುವಾಗಲೂ ಕೆಂಪನ ಹೆಜ್ಜೆ ತಪ್ಪಲಿಲ್ಲ. ಮಣ್ಣು ಮುಚ್ಚುವಾಗ ಏನಾದರೂ ಹೇಳಬೇಕಿತ್ತು, ಎಷ್ಟೋ ಜನಕ್ಕೆ ಹೇಳಿದ್ದ. ಅವಳ ಹೆಸರನ್ನಷ್ಟೇ ಹೇಳಿದ.

ಹೊತ್ತು ಇಳಿಯುವಾಗ ಭಾನುಪ್ರಿಯಾ ಅವನನ್ನು ಅವ್ವನ ಗುಡಿಸಲಿಗೆ ಕರೆದೊಯ್ದಳು. ಒಲೆ ಆರಿತ್ತು. ಒಲೆಯ ಪಕ್ಕ, ಗೋಡೆಗೆ ಒರಗಿಸಿ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಳ್ಳದ ಕಲ್ಲೊಂದಿತ್ತು. ಅದಕ್ಕೆ ಕುಂಕುಮವಿಲ್ಲ, ಹೂವಿಲ್ಲ. ಕಂಬಳಿಯ ಒಂದು ತುಂಡನ್ನು, ಮಗುವಿಗೆ ಕತ್ತಿನವರೆಗೆ ಸುತ್ತುವ ಹಾಗೆ, ಅದಕ್ಕೆ ಸುತ್ತಲಾಗಿತ್ತು.

“ಇದ್ಯಾತರದವ್ವ?”

“ಅವ್ವನ ಸ್ವಾಮಿ,” ಎಂದಳು ಭಾನುಪ್ರಿಯಾ. “ಐದು ವರ್ಸದಿಂದ ಮಡಗಿದ್ಲು. ಅದ್ರ ತಾವ ಏನೂ ಕೇಳ್ತಿರ್ನಿಲ್ಲ. ಚಳಿ ಆಯ್ತದೆ ಅಂತ ಕಂಬಳಿ ಒದಿಸ್ತಿದ್ಲು.”

ಅವಳು ನೀರು ತರಲು ಹೋದಳು. ಬೆಟ್ಟದ ಕಡೆಯಿಂದ ಗಾಳಿ ತಟ್ಟಿಗೋಡೆಯ ಸಂದಿಯಿಂದ ನುಗ್ಗಿತು. ಕೆಂಪ ಕುಕ್ಕುರುಗಾಲಲ್ಲಿ ಕೂತು, ಜಾರಿದ್ದ ಕಂಬಳಿಯ ತುದಿಯನ್ನು ಎಳೆದು ಕಲ್ಲಿಗೆ ಮತ್ತೆ ಸುತ್ತಿದ.