ಮಂಜಿನೊಳಗಿನ ಮುನ್ನೂರು ದನ

ಸುಲ್ಮಾಳಿಗೆ ಮುಖದಲ್ಲಿ ಗುಟ್ಟು ಇಟ್ಟುಕೊಳ್ಳಲು ಬರುತ್ತಿರಲಿಲ್ಲ. ಇಸ್ಪೀಟಿನಲ್ಲಿ ಕೈಗೆ ಒಳ್ಳೆಯ ಎಲೆ ಬಂದರೆ ಕಿವಿ ಕೆಂಪಾಗುತ್ತಿತ್ತು, ಕೆಟ್ಟದ್ದು ಬಂದರೆ ಮೂಗಿನ ತುದಿ ತುರಿಸುತ್ತಿತ್ತು. ಬೇಕರಿಯ ಹಿಂದಿನ ಕೋಣೆಯಲ್ಲಿ ಎದುರಿಗೆ ಕೂತಿದ್ದ ಸೋದರಮಾವ ಒಲಿಂತೊ ಅವಳ ಕಿವಿಯನ್ನೊಮ್ಮೆ ನೋಡಿ ತನ್ನ ಮೂರೂ ಎಲೆಗಳನ್ನು ಕವುಚಿಟ್ಟ.

"ನಾನು ಆಡಲ್ಲ. ಕತ್ತಿ ಎಕ್ಕ ನಿನ್ನ ಹತ್ರ ಇದೆ."

"ಆಡಿ ನೋಡು ಮಾವ. ಇಲ್ದೇನೂ ಇರಬಹುದು."

"ಕಿವಿ ಟೊಮ್ಯಾಟೊ ಆಗಿದೆ ಕಣೇ. ಕೊಯ್ದು ಸಾರು ಮಾಡಬಹುದು."

ಪಕ್ಕದಲ್ಲಿ ಕೂತು ಮಾಟೆ ಸೊಪ್ಪಿನ ಚಹಾದ ಬಟ್ಟಲಿಗೆ ಬಿಸಿನೀರು ಹಾಕುತ್ತಿದ್ದ ವಿಲ್ಮರ್ ನಕ್ಕ. ಸುಲ್ಮಾ ಎಲೆ ಎಸೆದಳು. ಕತ್ತಿ ಎಕ್ಕವೇ, ಆಟದಲ್ಲೆಲ್ಲ ದೊಡ್ಡ ಎಲೆ.

ತ್ರೂಕೊ ಆಟದಲ್ಲಿ ಇದೇನೂ ಅವಮಾನವಲ್ಲ. ಅಲ್ಲಿ ಇಲ್ಲದ ಎಲೆ ಇದೆಯೆಂದು ಕೂಗಬಹುದು, ಜೊತೆಗಾರನಿಗೆ ಹುಬ್ಬು ಏರಿಸಿ, ತುಟಿ ಕಚ್ಚಿ ಕೈಯಲ್ಲಿರುವುದನ್ನು ತಿಳಿಸಬಹುದು. ಎದುರಿನವನು ಆ ಸನ್ನೆಯನ್ನು ಹಿಡಿದರೆ ಅವನ ಜಾಣತನ, ಹಿಡಿಯದಿದ್ದರೆ ಅವನ ಕರ್ಮ. ಪಾಯ್ಸಂದೂ ಊರಿನಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದಲೇ ಎರಡು ವರ್ಷಗಳ ಹಿಂದೆ ತಾವು ಕಟ್ಟಿದ ಆಟಕ್ಕೆ ನಿಯಮ ಬರೆಯಲು ಕೂತಾಗ ಸುಲ್ಮಾ ಯೋಚನೆಯನ್ನೇ ಮಾಡದೆ ಮೊದಲ ಸಾಲು ಹೀಗೆ ಬರೆದಿದ್ದಳು: 'ಇಲ್ಲಿ ಸುಳ್ಳು ಹೇಳಬಹುದು. ಹಿಡಿಯುವುದು ಎದುರಾಳಿಯ ಕೆಲಸ.'

ಆಟದ ಹೆಸರು 'ಸವಾರರು'. ಅವಳೂ ವಿಲ್ಮರನೂ ಬೇಕರಿಯ ಮೇಲಿನ ಕೋಣೆಯಲ್ಲಿ ನಾಲ್ಕು ವರ್ಷ ಕೂತು ಮಾಡಿದ್ದು. ಒಂದು ದೊಡ್ಡ ಬಯಲು, ಹೊಳೆ, ದನದ ಹಿಂಡುಗಳು, ಅವನ್ನು ಹೊಡೆದುಕೊಂಡು ಹೋಗಲು ಬರುವ ಕುದುರೆ ಸವಾರರು. ಆಡುವವರು ತಂತಮ್ಮ ಮನೆಯ ಕಂಪ್ಯೂಟರಿನ ಮುಂದೆ, ಎಲ್ಲರೂ ಒಂದೇ ಬಯಲಿನಲ್ಲಿ. ನಮ್ಮ ಸವಾರರು ನಿಂತ ಕಡೆ ಮಾತ್ರ ಬಯಲು ಕಾಣುತ್ತದೆ, ಉಳಿದದ್ದೆಲ್ಲ ಮಂಜು. ಮಂಜಿನೊಳಗೆ ಏನಿದೆಯೆಂದು ಊಹಿಸಿ ಆಡಬೇಕು. ಆಟವಿರುವುದೇ ಆ ಊಹೆಯಲ್ಲಿ.

ಈಗ ಯಾರೋ ಒಬ್ಬ ಮಂಜು ಸರಿಸುವ ಪುಟ್ಟ ಪ್ರೋಗ್ರಾಮು ಬರೆದು ಹಂಚಿದ್ದ. ಹಾಕಿಕೊಂಡವನಿಗೆ ಇಡೀ ಬಯಲು ಬೆಳ್ಳಂಬೆಳಗು. ದೂರು ಕೊಟ್ಟವರಿಗೆ ಹಾಗೆ ಹಾಕಿಕೊಂಡವರು ಸುಲ್ಮಾಳದೇ ಮೊದಲ ಸಾಲನ್ನು ಓದಿ ಹೇಳುತ್ತಿದ್ದರು: ಹಿಡಿಯುವುದು ನಿಮ್ಮ ಕೆಲಸ.

ಎಲೆ ಕಲೆಸುವಷ್ಟರಲ್ಲಿ ಫೋನು ಬಂತು. ಫ್ರಾಯ್ ಬೆಂತೋಸ್ ಊರಿನ ಒಫೇಲಿಯಾ ಮೇಡಂ. ಪ್ರಾಥಮಿಕ ಶಾಲೆಯ ಟೀಚರು, ಮೊದಲ ದಿನದಿಂದ ಆಡುತ್ತಿದ್ದವಳು.

"ಭಾನುವಾರದ ಪಂದ್ಯ ನನ್ನ ಕೊನೇದು ಕಣಮ್ಮಾ. ಹೇಳಿ ಹೋಗೋಣ ಅಂತ."

"ಸೋತಿದ್ದಕ್ಕಾ ಮೇಡಂ?"

"ಸೋಲೋದಕ್ಕೇನು, ಮೂವತ್ತು ವರ್ಷ ಮೇಷ್ಟ್ರಿಕೆ ಮಾಡಿದೀನಿ. ಸನ್ನೆ ಹಿಡೀಬೇಕು ಅಂದ್ರೆ ಎದುರಿಗೊಂದು ಮುಖ ಬೇಕಲ್ಲ? ಇಲ್ಲಿ ಮುಖ ಎಲ್ಲಿದೆ? ಇದು ಸುಳ್ಳು ಹೇಳೋದಲ್ಲ, ನನ್ನ ಹಿಂದೆ ನಿಂತು ನನ್ನ ಎಲೆ ನೋಡೋದು. ನಿಮ್ಮ ಮಾವನ ಮನೇಲಿ ಹಂಗೆ ಮಾಡಿದ್ರೆ ಕುರ್ಚಿ ಎತ್ತಿ ಹೊಡೀತಾರೆ."

ಫೋನಿಟ್ಟ ಮೇಲೆ ಸುಲ್ಮಾ ಅದನ್ನೇ ಇವರಿಬ್ಬರಿಗೂ ಹೇಳಿದಳು.

"ಹೋಗ್ಲಿ ಬಿಡು," ಎಂದ ವಿಲ್ಮರ್. "ಕಳ್ಳರನ್ನೆಲ್ಲ ಹೊರಗೆ ಹಾಕಿದ್ರೆ ಆಡೋರು ಯಾರು? ನೀನು, ನಾನು, ಆ ಟೀಚರು. ಮೂರು ಜನಕ್ಕೆ ಅಷ್ಟು ದೊಡ್ಡ ಬಯಲು ಯಾಕೆ? ಬಾಡಿಗೆಗೆ ಕೊಡೋಣ."

"ಹಾಕದಿದ್ರೆ ಟೀಚರಂಥೋರು ಒಬ್ಬೊಬ್ಬರೇ ಹೋಗ್ತಾರೆ. ಆಮೇಲೆ ಎಲ್ಲರಿಗೂ ಎಲ್ಲ ಕಾಣ್ತದೆ. ಆಗ ಅದೇನು ಆಟ, ಸಂತೆ."

"ಮೊದಲು ಹಿಡಿ ನೋಡೋಣ," ಎಂದ ಮಾವ ಎಲೆ ಹಂಚುತ್ತ. ಮಾಂಸದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದ ಮೇಲೆ ಅವನೂ ಇದೇ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ 'ಸವಾರರು' ಆಡುತ್ತಿದ್ದ. ಗೆದ್ದವರ ಪಟ್ಟಿಯಲ್ಲಿ ಎರಡನೆಯವನು. ಬೇಕರಿಗೆ ಬಂದವರಿಗೆಲ್ಲ ಅದನ್ನು ತೋರಿಸದೆ ಬ್ರೆಡ್ಡು ಕೊಂಡುಹೋಗಲು ಬಿಡುತ್ತಿರಲಿಲ್ಲ. "ಹಿಡೀದೇ ಬಾಯಿ ಬಡ್ಕೊಂಡ್ರೆ ಯಾರು ಕೇಳ್ತಾರೆ?"

ಸುಲ್ಮಾ ಆ ಆಟ ಮುಗಿಸಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಬಯಲಿನ ಉತ್ತರದ ತುದಿಯಲ್ಲಿ ಒಂದು ಜೌಗು ನೆಲವಿತ್ತು. ಹುಲ್ಲಿಲ್ಲ, ನೀರು ಕುಡಿಯುವಂತಿಲ್ಲ, ಕುದುರೆಗೆ ಅಲ್ಲಿ ಕೆಲಸವೇ ಇಲ್ಲ. ಆ ಜೌಗಿನ ನಡುವೆ, ಮಂಜಿನೊಳಗೆ, ಅವಳು ಮುನ್ನೂರು ದನಗಳ ಹಿಂಡನ್ನು ಇಟ್ಟಳು. ಅದು ಇದ್ದೂ ಇಲ್ಲದ ಹಿಂಡು. ನ್ಯಾಯವಾಗಿ ಆಡುವವನಿಗೆ ಹತ್ತಿರ ಹೋದರೂ ಕಾಣುವುದಿಲ್ಲ. ಮಂಜು ಸರಿಸಿಕೊಂಡವನಿಗೆ ಮಾತ್ರ ದೂರದಿಂದಲೇ ಕಾಣುತ್ತದೆ. ಬಳಿಗೆ ಹೋದರೆ ಬರೀ ಕೆಸರು.

ಕಷ್ಟವಾದದ್ದು ಆಮೇಲಿನ ಎರಡು ದಿನ. ವಿಲ್ಮರನಿಗೆ ಹೇಳುವಂತಿರಲಿಲ್ಲ, ಅವನು ಶನಿವಾರ ಬಿಯರು ಕುಡಿಯುವುದೇ ಅರ್ಧ ಆಟಗಾರರ ಜೊತೆ. ಮುಖ ಮಾವನ ಕಣ್ಣಿಗೆ ಬೀಳುವಂತಿರಲಿಲ್ಲ. ಅವಳು ಹಲ್ಲುನೋವೆಂದು ಹೇಳಿ, ಉಣ್ಣೆಯ ಮಫ್ಲರನ್ನು ಕಿವಿ, ಮೂಗು ಎರಡೂ ಮುಚ್ಚುವಂತೆ ಸುತ್ತಿಕೊಂಡು ಓಡಾಡಿದಳು. ಅದೂ ಅಲ್ಲಿ ನಡುಬೇಸಿಗೆಯಾದ ಡಿಸೆಂಬರಿನ ಸೆಖೆಯಲ್ಲಿ.

ಮಾವ ಲವಂಗ ತಂದುಕೊಟ್ಟ. "ಯಾವ ಹಲ್ಲು?"

"ಎಡಗಡೇದು."

"ನಿನ್ನೆ ಬಲಗಡೆ ಹಿಡ್ಕೊಂಡಿದ್ದೆ."

"ಎರಡೂ ಕಡೆ ಮಾವ."

"ಮುಖ ಮುಚ್ಕೊಂಡೋರ ಕೈಲಿ ದೊಡ್ಡ ಎಲೆ ಇರ್ತದೆ," ಎಂದು ಅವನು ವಿಲ್ಮರನಿಗೆ ಹೇಳಿದ. ವಿಲ್ಮರ್, ಅವಳಿಗೆ ಹೊಸ ಹುಡುಗ ಯಾರೋ ಸಿಕ್ಕಿರಬೇಕು ಎಂದ.

ಭಾನುವಾರ ಮಧ್ಯಾಹ್ನ ರವಿಯೋಲಿ ಊಟ ಮುಗಿಸಿ ಮೂವರೂ ಹಿಂದಿನ ಕೋಣೆಗೆ ಬಂದರು. ಮಾವ ತನ್ನ ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತ. ಇವರಿಬ್ಬರು, ಆಟ ಕಟ್ಟಿದವರಿಗೆಂದೇ ಇಡೀ ಬಯಲು ಕಾಣುವ ತಮ್ಮ ಪರದೆಯ ಮುಂದೆ. ಮೂರು ಗಂಟೆಗೆ ಪಂದ್ಯ ಶುರುವಾಯಿತು. ಹತ್ತು ನಿಮಿಷ ಏನೂ ಆಗಲಿಲ್ಲ. ಸುಲ್ಮಾ ಉಗುರು ಕಚ್ಚಿದಳು. ಆಮೇಲೆ ಒಬ್ಬ, ಅವನ ಹಿಂದೆ ನಾಲ್ವರು, ಅವರ ಹಿಂದೆ ಗುಂಪುಗುಂಪಾಗಿ ಸವಾರರು ಹೊಳೆ ಬಿಟ್ಟು, ಹುಲ್ಲು ಬಿಟ್ಟು ಉತ್ತರಕ್ಕೆ ತಿರುಗಿದರು.

"ಇವರಿಗೇನಾಯ್ತು?" ಎಂದ ವಿಲ್ಮರ್. "ಅಲ್ಲಿ ಏನೂ ಇಲ್ವಲ್ಲ."

"ಇಲ್ಲ."

"ಮತ್ತೆ ಮದುವೆ ದಿಬ್ಬಣದ ಥರ ಹೋಗ್ತಿದ್ದಾರೆ?"

ಸುಲ್ಮಾ ಮಫ್ಲರು ಬಿಚ್ಚಿದಳು. ವಿಲ್ಮರ್ ಅವಳ ಕಿವಿ ನೋಡಿದ, ಪರದೆ ನೋಡಿದ, ಅರ್ಥವಾಗಿ ಮೇಜಿನ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದು ನಗತೊಡಗಿದ. ಜೌಗಿನ ತುಂಬ ಕುದುರೆಗಳು. ಒಬ್ಬರ ದಾರಿಗೆ ಒಬ್ಬರು ಅಡ್ಡ. ದನ ನನ್ನದೆಂದು ಖಾಲಿ ಕೆಸರಿಗಾಗಿ ಒಂದೆರಡು ಕಡೆ ಜಗಳವೂ ಹತ್ತಿತು. ಸುಲ್ಮಾ ಹೆಸರುಗಳನ್ನು ಗುರುತು ಹಾಕಿಕೊಳ್ಳುತ್ತ ಹೋದಳು. ನಗುತ್ತಲೇ ಹಾಕುತ್ತಿದ್ದಳು.

ಕೊನೆಯಲ್ಲಿ ನೀಲಿ ಪೊಂಚೊ ಕಂಬಳಿ ಹೊದ್ದ ಹನ್ನೆರಡು ಸವಾರರು ಜೌಗಿನ ಅಂಚಿಗೆ ಬಂದು ನಿಂತರು. ಬೇಕರಿಗೆ ಬಂದವರೆಲ್ಲ ಮಾವನ ಪರದೆಯಲ್ಲಿ ನೋಡಿದ್ದ ಪೊಂಚೊ. ಅವರು ತುಂಬ ಹೊತ್ತು ಅಲ್ಲೇ ನಿಂತರು. ವಿಲ್ಮರನ ನಗು ನಿಂತಿತು. ಮೂರು ಮಾರು ದೂರದಲ್ಲಿ ಮಾವನ ಬೆನ್ನು ಅಲುಗಲಿಲ್ಲ. 'ಹೋಗಬೇಡ' ಎಂದು ಸುಲ್ಮಾ ಬಾಯೊಳಗೇ ಅಂದುಕೊಂಡಳು. ಮುನ್ನೂರು ದನ ಎಂದರೆ ಪಟ್ಟಿಯಲ್ಲಿ ಮೊದಲನೆಯ ಜಾಗ. ನೀಲಿ ಸವಾರರು ಕೆಸರಿಗೆ ಇಳಿದರು.

ಮಾವ ಕುರ್ಚಿಯನ್ನು ಇತ್ತ ತಿರುಗಿಸಿದ.

"ಅಲ್ಲಿ ದನ ಇರಲಿಲ್ಲ."

"ಇರಲಿಲ್ಲ ಮಾವ."

"ಹಲ್ಲೂ ನೋಯ್ತಿರಲಿಲ್ಲ."

"ಇಲ್ಲ."

ಅವನು ಒಂದು ಗಳಿಗೆ ಅವಳ ಮುಖವನ್ನು ನೋಡಿದ. ಆಮೇಲೆ ತಟ್ಟೆಯಲ್ಲಿದ್ದ ಬಿಸ್ಕೋಚೊ ಎತ್ತಿಕೊಂಡು ಕಚ್ಚಿದ. "ಹನ್ನೆರಡು ವರ್ಷ ತ್ರೂಕೊ ಹೇಳಿಕೊಟ್ಟೆ. ಇವತ್ತು ಒಂದು ಸುಳ್ಳು ಹುಟ್ಟಿತು ನೋಡು ನಿನ್ನ ಹೊಟ್ಟೇಲಿ."

"ನೀನ್ಯಾಕೆ ಹಾಕ್ಕೊಂಡೆ ಮಾವ? ನಿನಗೆ ಅದು ಬೇಕಿತ್ತಾ?"

"ಕಣ್ಣು ಸರಿಯಾಗಿ ಕಾಣ್ತಿಲ್ಲ," ಎಂದ. ತಾನೇ ನಂಬದವನಂತೆ ತಲೆಯಾಡಿಸಿ, "ಸುಳ್ಳು. ಎಲ್ಲರೂ ಹಾಕ್ಕೊಂಡಿದ್ರು. ನಾನೊಬ್ಬನೇ ಕುರುಡನ ಥರ ಆಡ್ಲಾ?" ಎಂದ.

ವಿಲ್ಮರ್ ತಗ್ಗಿದ ದನಿಯಲ್ಲಿ, "ಮಾವನ್ನೊಬ್ಬನ್ನ ಬಿಟ್ಟುಬಿಡೇ. ಯಾರಿಗೆ ಗೊತ್ತಾಗ್ತದೆ?" ಎಂದ.

"ಟೀಚರು ಕೇಳಿದ್ರೆ ಕೆಂಪಾಗೋ ಈ ಕಿವೀನ ನಿನಗೆ ಅಂಟಿಸಲಾ?"

"ಒಂದು ತಿಂಗಳಿಗೆ ಹೊರಗೆ ಹಾಕು," ಎಂದ ಮಾವ. ಸಂತೆಯಲ್ಲಿ ಕುರಿಗೆ ಚೌಕಾಸಿ ಮಾಡುವ ದನಿ.

"ಎಲ್ಲರಿಗೂ ಒಂದೇ. ವಾಪಸ್ ಬರೋ ಹಂಗಿಲ್ಲ."

"ನಿಮ್ಮಮ್ಮನ ಥರಾನೇ ಕಣೇ ನೀನು. ಕಲ್ಲು." ಅವನು ಎದ್ದು ಕೈಯ ಪುಡಿ ಕೊಡವಿಕೊಂಡ. "ಒತ್ತು ಹಂಗಾದ್ರೆ. ನಾನು ನೋಡ್ತಾ ಇರೋವಾಗಲೇ ಒತ್ತು."

ಅವಳು ಒತ್ತಿದಳು. ನೀಲಿ ಸವಾರರು ಒಬ್ಬೊಬ್ಬರಾಗಿ ಬಯಲಿನಿಂದ ಮಾಯವಾದರು. ಮಾವ ಹನ್ನೆರಡನ್ನೂ ಎಣಿಸಿ ಮುಂಭಾಗಕ್ಕೆ ಹೋದ. ಅಂಗಡಿಯಲ್ಲಿ ಯಾರಿಗೋ, "ನನ್ನನ್ನ ಹಿಡಿದ್ಳು, ನಮ್ಮ ಹುಡುಗಿ. ಇಲ್ಲದ ದನ ತೋರಿಸಿ ಹಿಡಿದ್ಳು," ಎಂದು ಹೇಳುವುದು ಕೇಳಿಸಿತು. ಬ್ರೆಡ್ಡಿಗೆ ಬಂದವನು ಹೊರಡುವಂತಿರಲಿಲ್ಲ.

ಸಂಜೆ ಸುಲ್ಮಾ ನಿಯಮಗಳ ಮೊದಲ ಸಾಲನ್ನು ಅಳಿಸಿದಳು. ಬೈದು ಬರೆದ ಪತ್ರಗಳು ನಲವತ್ತು ಬಂದವು, ಅವುಗಳಲ್ಲಿ ಮೂರು ಪದ್ಯದಲ್ಲಿದ್ದವು. ಹೊರಗೆ ಹಾಕಿದವರಲ್ಲಿ ಮೂವರು ಹೊಸಬರು ನಿಜವಾಗಿಯೂ ದಾರಿ ತಪ್ಪಿ ಜೌಗಿಗೆ ಹೋದವರೆಂದು ಮಂಗಳವಾರ ತಿಳಿಯಿತು. ಅವರಿಗೆ ಕ್ಷಮೆ ಕೇಳಿ ಬರೆದರು. ಇಬ್ಬರು ವಾಪಸು ಬಂದರು. ಒಫೇಲಿಯಾ ಮೇಡಂ ಹೋಗಲಿಲ್ಲ, ಹೋಗುವುದಿಲ್ಲವೆಂದೂ ಹೇಳಲಿಲ್ಲ. ಬುಧವಾರ ಆರು ಗಂಟೆಗೆ ಬಂದು ವಿಲ್ಮರನ ಎಂಬತ್ತು ದನ ಹೊಡೆದುಕೊಂಡು ಹೋದಳು.

ಐನೂರ ಹದಿನಾಲ್ಕು ಆಟಗಾರರಲ್ಲಿ ಹೋದದ್ದು ನೂರ ಎಂಬತ್ತನಾಲ್ಕು. ಉಳಿದವರು ವಿಲ್ಮರ್ ಹೇಳಿದಂತೆ ಮೂವರಲ್ಲ, ಮುನ್ನೂರ ಮೂವತ್ತು.